ರೀಸೆಟ್ ಒತ್ತೋ ಮೊದಲು ಓದಿ: ಜನರೇಟರ್ ರಿಲೇಯ ಫ್ರಂಟ್ ಪ್ಯಾನೆಲ್ ಏನು ಹೇಳುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡು, ಓದುವ ಅನುಕೂಲಕ್ಕೆ ಉಪಶೀರ್ಷಿಕೆಗಳನ್ನು ಸೇರಿಸಲಾಗಿದೆ.)

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ನೈಟ್ ಶಿಫ್ಟ್ ಮುಗಿಸಿ ರೂಮಿಗೆ ನಡೀತಾ ಕೇಳ್ತಿದ್ದೀರೋ, ಹೆಡ್‌ಫೋನ್ ಸರಿಯಾಗಿ ಹಾಕ್ಕೊಳ್ಳಿ. ಡಿಪ್ಲೊಮಾ, ಐಟಿಐ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವರಿಂದ ನನಗೆ ಪದೇ ಪದೇ ಬರೋ ಒಂದು ಪ್ರಶ್ನೆ ಇದೆ. "ಸರ್, ಪವರ್ ಪ್ಲಾಂಟಲ್ಲಿ ಕೆಲಸ ಸಿಕ್ಕಿದೆ. ಕಂಟ್ರೋಲ್ ರೂಮಲ್ಲಿ ರಿಲೇ ಪ್ಯಾನೆಲ್ ಮುಂದೆ ನಿಲ್ಲಿಸಿದಾರೆ. ದೀಪ ಉರಿಯುತ್ತೆ, ಬಟನ್ ಇದೆ. ಯಾವಾಗ ಯಾವುದನ್ನ ಒತ್ಬೇಕು ಅಂತ ಯಾರೂ ಕೂರಿಸ್ಕೊಂಡು ಹೇಳಿಲ್ಲ."

ನನಗೂ ಯಾರೂ ಕೂರಿಸ್ಕೊಂಡು ಹೇಳಿರ್ಲಿಲ್ಲ. ಅದಕ್ಕೆ ಒಂದಿಡೀ ಕಾರ್ಖಾನೆ ಬೆಲೆ ತೆತ್ತಿತು. ಆ ಕಥೆಯಿಂದಲೇ ಶುರು ಮಾಡ್ತೀನಿ.

ಒಂದು ರಾತ್ರಿ, ಎರಡು ಬಟನ್

ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆ. ಹೆಸರು ಬೇಡ. ಕಬ್ಬಿನ ಸಿಪ್ಪೆ ಸುಟ್ಟು, ಆವಿ ಮಾಡಿ, ಟರ್ಬೈನ್ ತಿರುಗಿಸಿ ಅಲ್ಲೇ ಕರೆಂಟ್ ತಯಾರಿಸ್ತಿದ್ರು. ಕೋಜನರೇಷನ್ ಅಂತಾರಲ್ಲ, ಅದು. ಕಾರ್ಖಾನೆಗೆ ಬೇಕಾದಷ್ಟು ಬಳಸಿ ಉಳಿದದ್ದನ್ನ ಗ್ರಿಡ್‌ಗೆ ಕೊಡೋದು. ನಾನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಕಬ್ಬು ನುರಿಸೋ ಹಂಗಾಮು ಜೋರಾಗಿ ನಡೀತಿತ್ತು. ಗೇಟಿನ ಹೊರಗೆ ರಸ್ತೆಯುದ್ದಕ್ಕೂ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳ ಸಾಲು.

ರಾತ್ರಿ ಎರಡೂ ಇಪ್ಪತ್ತು. ಇದ್ದಕ್ಕಿದ್ದ ಹಾಗೆ ಹೂಟರ್ ಕೂಗಿತು. ಜನರೇಟರ್ ಬ್ರೇಕರ್ ಬಿತ್ತು, ಟರ್ಬೈನ್ ನಿಂತಿತು, ಮಿಲ್ ಕಡೆಯ ಗದ್ದಲ ಒಂದೇ ಸಲಕ್ಕೆ ಇಳಿದುಹೋಯಿತು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಹಂಗಾಮಿನಲ್ಲಿ ಆ ನಿಶ್ಶಬ್ದದಷ್ಟು ಹೆದರಿಕೆ ಹುಟ್ಟಿಸೋದು ಇನ್ನೊಂದಿಲ್ಲ.

ನಾನು ಪ್ಯಾನೆಲ್ ಹತ್ರ ಓಡಿದೆ. ರಿಲೇ ಮೇಲೆ ಕೆಂಪು ದೀಪ. ಪಕ್ಕದಲ್ಲಿ ಹಳದಿ ದೀಪ ಮಿಟುಕ್ತಿತ್ತು. ಪುಟ್ಟ ಪರದೆಯಲ್ಲಿ ಏನೋ ಅಕ್ಷರ. ಕೈ ನಡುಗ್ತಿತ್ತು. ನನ್ನ ತಲೆಯಲ್ಲಿದ್ದದ್ದು ಒಂದೇ ಯೋಚನೆ: ಈ ಕೆಂಪು ದೀಪ ಆರಿದ್ರೆ ಜನರೇಟರ್ ಮತ್ತೆ ಚಾಲೂ ಮಾಡಬಹುದು. ಕ್ಲಿಯರ್ ಬಟನ್ ಒತ್ತಿದೆ. ಪರದೆ ಏನೋ ಕೇಳ್ತು, ಮತ್ತೆ ಒತ್ತಿದೆ. ಕೆಂಪು ದೀಪ ಆರಿತು, ಆದರೆ ಹಳದಿ ದೀಪ ಆರಲಿಲ್ಲ. ರಿಲೇ ಹ್ಯಾಂಗ್ ಆಗಿದೆ ಅಂದ್ಕೊಂಡೆ. ಮೊಬೈಲ್ ಹ್ಯಾಂಗ್ ಆದ್ರೆ ಏನ್ ಮಾಡ್ತೀವಿ? ಆಫ್ ಮಾಡಿ ಆನ್ ಮಾಡ್ತೀವಿ. ರಿಲೇಗೆ ಕರೆಂಟ್ ಕೊಡೋ ಡಿಸಿ ಸ್ವಿಚ್ ಇಳಿಸಿ, ಹತ್ತು ಎಣಿಸಿ, ಮೇಲೆತ್ತಿದೆ.

ಹದಿನೈದು ನಿಮಿಷದಲ್ಲಿ ನಮ್ಮ ಹಿರಿಯ ಎಂಜಿನಿಯರ್ ಕ್ವಾರ್ಟರ್ಸ್‌ನಿಂದ ಬಂದ್ರು. ಬೈಲಿಲ್ಲ, ಕೂಗಾಡ್ಲಿಲ್ಲ. ಒಂದೇ ಮಾತು ಕೇಳಿದ್ರು.

"ಯಾವ ಫ್ಲ್ಯಾಗ್ ಬಿದ್ದಿತ್ತು ತಮ್ಮಾ?"

"ನೋಡ್ಲಿಲ್ಲ ಸರ್. ರೀಸೆಟ್ ಮಾಡ್ಬಿಟ್ಟೆ."

ರಿಲೇಯ ನೆನಪಿನಲ್ಲಿ ದಾಖಲೆ ಇರುತ್ತೆ, ಅದನ್ನ ನೋಡೋಣ ಅಂದ್ರು. ಮೆನುವಿಗೆ ಹೋಗಿ ನೋಡಿದ್ರೆ ಖಾಲಿ. ಆ ರಿಲೇ ತನ್ನ ದಾಖಲೆಗಳನ್ನ ಒಳಗಿರೋ ಒಂದು ಸಣ್ಣ ಬ್ಯಾಟರಿಯ ಬಲದಲ್ಲಿ ಕಾಪಾಡ್ಕೊಳ್ಳೋ ಥರದ್ದು. ಆ ಬ್ಯಾಟರಿ ಸತ್ತು ತಿಂಗಳುಗಳೇ ಆಗಿದ್ವು. ಆ ಹಳದಿ ದೀಪ ಅಷ್ಟೂ ದಿನ ಅದನ್ನೇ ಹೇಳ್ತಾ ಉರೀತಿತ್ತು. ನಾವೆಲ್ಲ "ಅದು ಯಾವಾಗ್ಲೂ ಹಂಗೇ ಉರಿಯುತ್ತೆ" ಅಂತ ಬಿಟ್ಟಿದ್ವಿ. ಬ್ಯಾಟರಿ ಸತ್ತ ರಿಲೇಗೆ ನಾನು ಡಿಸಿ ಕೂಡ ತೆಗೆದಿದ್ದೆ. ಇದ್ದಬದ್ದ ನೆನಪೆಲ್ಲ ಅಳಿಸಿಹೋಗಿತ್ತು.

ಕಂಪ್ಯೂಟರಿನಲ್ಲಿ ಇರ್ಲಿಲ್ವಾ ಅಂತ ನೀವು ಕೇಳಬಹುದು. ಇತ್ತು, ಒಂದೇ ಸಾಲು: "ಜನರೇಟರ್ ಪ್ರೊಟೆಕ್ಷನ್ ಟ್ರಿಪ್". ಯಾವ ಪ್ರೊಟೆಕ್ಷನ್ ಅಂತ ಹೇಳೋ ವೈರನ್ನ ಅಲ್ಲಿವರೆಗೆ ಎಳೆದೇ ಇರ್ಲಿಲ್ಲ.

ಕಾರಣ ಗೊತ್ತಿಲ್ಲ ಅಂದಾಗ ಅತಿ ಕೆಟ್ಟದ್ದನ್ನೇ ಊಹಿಸ್ಬೇಕು. ಜನರೇಟರ್ ಒಳಗೇ ವೈಂಡಿಂಗ್ ಸುಟ್ಟಿದ್ರೆ? ಆ ಸ್ಥಿತೀಲಿ ಮತ್ತೆ ಚಾಲೂ ಮಾಡಿದ್ರೆ, ದುರಸ್ತಿ ಮಾಡಬಹುದಾದ ಯಂತ್ರ ಗುಜರಿಗೆ ಹೋಗುತ್ತೆ. ಹಾಗಾಗಿ ಜನರೇಟರನ್ನ ಬೇರ್ಪಡಿಸಿ, ಅರ್ತ್ ಮಾಡಿ, ಸಂಪರ್ಕಗಳನ್ನ ಬಿಚ್ಚಿ, ಮೆಗ್ಗರ್ ಹಿಡಿದು ಒಂದೊಂದೇ ಫೇಸ್ ಪರೀಕ್ಷೆ ಮಾಡಿದ್ರು. ಎಲ್ಲ ಸರಿಯಾಗೇ ಇತ್ತು. ಮತ್ತೆ ಮಿಲ್ ತಿರುಗಿದಾಗ ಮಧ್ಯಾಹ್ನ ಹನ್ನೆರಡು.

ಬೆಳಿಗ್ಗೆ ಗೇಟಿನ ಹತ್ರ ಚಾ ಕುಡಿಯೋಕೆ ಹೋದಾಗ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಕೇಳಿದ: "ಯಾವಾಗ ಚಾಲೂ ಆಗತೈತ್ರಿ ಸಾಹೇಬ್ರ? ಕಬ್ಬು ಒಣಗಾಕತ್ತೈತ್ರಿ." ಕಡಿದ ಕಬ್ಬು ಹೊತ್ತು ಕಳೆದಂತೆ ತೂಕ ಕಳ್ಕೊಳ್ಳುತ್ತೆ, ಸಕ್ಕರೆ ಅಂಶವನ್ನೂ ಕಳ್ಕೊಳ್ಳುತ್ತೆ. ರೈತನಿಗೆ ದುಡ್ಡು ಸಿಗೋದು ತೂಕದ ಮೇಲೆ. ನನ್ನ ಬಟನ್ನಿಗೂ ಅವನ ತೂಕದ ಚೀಟಿಗೂ ನೇರ ಸಂಬಂಧ ಇತ್ತು. ಅದು ಅವನಿಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು.

ಈ ರಿಲೇ ಮಾಡೋ ಕೆಲಸ ಏನು?

ಚುಟುಕಾಗಿ ಹೇಳ್ತೀನಿ. ಜನರೇಟರ್‌ನಿಂದ ಹೊರಡೋ ಕರೆಂಟು ಸಾವಿರಾರು ಆಂಪಿಯರ್, ವೋಲ್ಟೇಜು 11 ಸಾವಿರದ ಆಸುಪಾಸು. ಅದನ್ನ ನೇರವಾಗಿ ಅಳೆಯೋಕೆ ಆಗಲ್ಲ. ಸಿಟಿ, ಪಿಟಿ ಅನ್ನೋ ಎರಡು ಬಗೆಯ ಟ್ರಾನ್ಸ್‌ಫಾರ್ಮರ್‌ಗಳು ಅದನ್ನ ಚಿಕ್ಕದು ಮಾಡಿ ಕೊಡ್ತವೆ. ಸಾಮಾನ್ಯವಾಗಿ ಕರೆಂಟು 1 ಅಥವಾ 5 ಆಂಪಿಯರ್‌ಗೆ, ವೋಲ್ಟೇಜು 110ಕ್ಕೆ ಇಳಿಯುತ್ತೆ. ರಿಲೇ ಇದನ್ನ ಬಿಡುವಿಲ್ಲದೆ ಅಳೀತಾ ಇರುತ್ತೆ. ಹದ್ದು ಮೀರಿದ್ರೆ ಬ್ರೇಕರ್‌ಗೆ "ಬೀಳು" ಅಂತ ಆಜ್ಞೆ ಕೊಡುತ್ತೆ.

ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅಂದ್ರೆ ಒಂದು ಆವರ್ತ 20 ಮಿಲಿಸೆಕೆಂಡ್. ತೀರಾ ಗಂಭೀರ ದೋಷ ಆದ್ರೆ ಈಗಿನ ನ್ಯೂಮರಿಕಲ್ ರಿಲೇ ಒಂದೆರಡು ಆವರ್ತದೊಳಗೆ ತೀರ್ಮಾನ ತಗೊಳ್ಳುತ್ತೆ. ನೀವು ಕಣ್ಣು ಮಿಟುಕಿಸೋಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ಹಾಗಾಗಿ ಇದನ್ನ ನೆನಪಿಡಿ: ನೀವು ಪ್ಯಾನೆಲ್ ಹತ್ರ ಹೋಗೋ ಹೊತ್ತಿಗೆ ಕಾಪಾಡೋ ಕೆಲಸ ಮುಗಿದಿರುತ್ತೆ. ಉಳಿದಿರೋದು ಏನಾಯ್ತು ಅಂತ ತಿಳ್ಕೊಳ್ಳೋ ಕೆಲಸ. ಅದು ಮನುಷ್ಯನದು. ಆ ಕೆಲಸಕ್ಕೆ ಓಡಬೇಕಾಗಿಲ್ಲ.

ಇನ್ನೊಂದು ವಿಷಯ. ಹಳೇ ಕಾಲದ ರಿಲೇಗಳಲ್ಲಿ ಪರದೆ ಇರ್ಲಿಲ್ಲ. ಟ್ರಿಪ್ ಆದ್ರೆ ಗಾಜಿನ ಕಿಟಕಿಯೊಳಗೆ ಬಣ್ಣದ ಒಂದು ಸಣ್ಣ ತಗಡು ಬೀಳ್ತಿತ್ತು. ಅದೇ ಫ್ಲ್ಯಾಗ್. ತಗಡು ಹೋಗಿ ಎಲ್‌ಇಡಿ ಬಂತು, ಎಲ್‌ಸಿಡಿ ಬಂತು. ಆದ್ರೂ ಕಂಟ್ರೋಲ್ ರೂಮಲ್ಲಿ ಇವತ್ತಿಗೂ "ಯಾವ ಫ್ಲ್ಯಾಗ್ ಬಿತ್ತು?" ಅಂತಲೇ ಕೇಳ್ತಾರೆ.

ನಾಲ್ಕು ದೀಪಗಳ ಭಾಷೆ

ಕಂಪನಿಯಿಂದ ಕಂಪನಿಗೆ ಪ್ಯಾನೆಲ್ ಬೇರೆ ಬೇರೆ. ಅರ್ಥ ಆಗಲಿ ಅಂತ ನಮ್ಮಲ್ಲಿ ಹಲವು ಕಡೆ ಕಾಣಸಿಗೋ ಮೈಕಾಮ್ ಪಿ340 ಸರಣಿಯನ್ನ ಉದಾಹರಣೆಗೆ ತಗೋತೀನಿ. ಪಿ343 ಅನ್ನೋ ಜನರೇಟರ್ ರಿಲೇ ಇದೇ ಸರಣಿಯದು. ಅದರ ಎಡಗಡೆ ನಾಲ್ಕು ಸ್ಥಿರ ದೀಪಗಳಿವೆ.

ಒಂದು, ಟ್ರಿಪ್. ಕೆಂಪು. ರಿಲೇ ಬ್ರೇಕರನ್ನ ಬೀಳಿಸೋ ಆಜ್ಞೆ ಕೊಟ್ಟಿದೆ ಅಂತ ಅರ್ಥ. ಯಾಕೆ ಅಂತ ಇದು ಹೇಳಲ್ಲ.

ಎರಡು, ಅಲಾರಂ. ಹಳದಿ. ಇದು ಮಿಟುಕ್ತಿದ್ರೆ "ಹೊಸ ಸುದ್ದಿ ಇದೆ, ನೀನಿನ್ನೂ ಓದಿಲ್ಲ" ಅಂತ. ಮಿಟುಕದೆ ಉರೀತಿದ್ರೆ "ಓದಿದ್ದೀಯ, ಆದ್ರೆ ತೊಂದರೆ ಇನ್ನೂ ಹೋಗಿಲ್ಲ ಅಥವಾ ನೀನು ತೆಗೆದಿಲ್ಲ" ಅಂತ. ವಾಟ್ಸ್ಯಾಪ್‌ನಲ್ಲಿ ಓದದೇ ಇರೋ ಮೆಸೇಜಿಗೂ, ಓದಿ ಉತ್ತರ ಕೊಡದೇ ಇರೋ ಮೆಸೇಜಿಗೂ ಇರೋ ವ್ಯತ್ಯಾಸ. ನಾನು ಹ್ಯಾಂಗ್ ಆಗಿದೆ ಅಂದ್ಕೊಂಡಿದ್ದು ಎರಡನೇ ಬಗೆಯದು.

ಮೂರು, ಔಟ್ ಆಫ್ ಸರ್ವಿಸ್. ಇದೂ ಹಳದಿ. ಇದು ಉರೀತಿದ್ರೆ ಪ್ರೊಟೆಕ್ಷನ್ ಲಭ್ಯ ಇಲ್ಲ. ರಿಲೇಗೆ ಕರೆಂಟ್ ಇದೆ, ಪರದೆ ಉರೀತಿದೆ, ಆದರೆ ಜನರೇಟರನ್ನ ಕಾಯೋರು ಯಾರೂ ಇಲ್ಲ. ಟೆಸ್ಟಿಂಗ್‌ಗೆ ಬಂದವರು ರಿಲೇಯನ್ನ ಟೆಸ್ಟ್ ಮೋಡ್‌ನಲ್ಲಿ ಹಾಕಿ, ವಾಪಸ್ ತರೋದನ್ನ ಮರೆತು ಹೋಗಿರೋ ಸಾಧ್ಯತೆ ಇರುತ್ತೆ. ಯಂತ್ರ ಓಡ್ತಿರುವಾಗ ಈ ದೀಪ ಕಂಡ್ರೆ ತಕ್ಷಣ ಮೇಲಿನವರಿಗೆ ಫೋನ್ ಮಾಡಿ.

ನಾಲ್ಕು, ಹೆಲ್ದಿ. ಹಸಿರು. ಇದು ಸದಾ ಉರೀತಿರಬೇಕು. ರಿಲೇ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಂಡು "ನಾನು ಸರಿಯಾಗಿದ್ದೀನಿ" ಅಂತ ಹೇಳೋ ದೀಪ. ಇದು ಆರಿದ್ರೆ ರಿಲೇಯ ಹಾರ್ಡ್‌ವೇರ್ ಅಥವಾ ಸಾಫ್ಟ್‌ವೇರ್‌ನಲ್ಲೇ ದೋಷ.

ಬಲಗಡೆ ಇನ್ನೊಂದಷ್ಟು ದೀಪಗಳಿರ್ತವೆ. ಅವುಗಳ ಅರ್ಥವನ್ನ ಪ್ಲಾಂಟ್‌ನವರು ತಮಗೆ ಬೇಕಾದ ಹಾಗೆ ನಿಗದಿ ಮಾಡ್ಕೊಳ್ತಾರೆ. ಪಕ್ಕದಲ್ಲಿ ಲೇಬಲ್ ಅಂಟಿಸಿರ್ತಾರೆ. ನಿಮ್ಮ ಪ್ಯಾನೆಲ್‌ನಲ್ಲಿ ಆ ಲೇಬಲ್ ಕಿತ್ತುಹೋಗಿದ್ರೆ, ನಾಳೆ ಡ್ಯೂಟಿಗೆ ಹೋದ ತಕ್ಷಣ ಅದನ್ನ ಸರಿ ಮಾಡಿಸಿ.

ಬಟನ್‌ಗಳು: ಓದೋದಕ್ಕೆ ಒಂದು, ಅಳಿಸೋದಕ್ಕೆ ಒಂದು

ನಾಲ್ಕು ಬಾಣದ ಗುರುತಿನ ಕೀಗಳು ಮೆನುವಿನಲ್ಲಿ ಓಡಾಡೋಕೆ. ಎಂಟರ್ ಒಪ್ಪಿಗೆಗೆ. ಇವನ್ನ ಅರ್ಧ ಗಂಟೇಲಿ ಕಲೀತೀರಿ. ಮುಖ್ಯವಾದವು ಇನ್ನೆರಡು: ರೀಡ್ ಮತ್ತು ಕ್ಲಿಯರ್.

ಟ್ರಿಪ್ ಆದ ಮೇಲೆ ರೀಡ್ ಒತ್ತಿದ್ರೆ ಮೊದಲು ಅಲಾರಂಗಳು ಒಂದೊಂದಾಗಿ ಬರ್ತವೆ. ಅವೆಲ್ಲ ಮುಗಿದ ಮೇಲೆ ಇತ್ತೀಚಿನ ಫಾಲ್ಟ್ ರೆಕಾರ್ಡ್ ತೆರೆಯುತ್ತೆ. ಒತ್ತುತ್ತಾ ಹೋದ್ರೆ ಪುಟ ಪುಟವಾಗಿ ವಿಷಯ ಸಿಗುತ್ತೆ: ಯಾವ ಪ್ರೊಟೆಕ್ಷನ್ ಶುರುವಾಯಿತು, ಯಾವುದು ಟ್ರಿಪ್ ಮಾಡಿತು, ಎಷ್ಟು ಹೊತ್ತಿಗೆ, ಆಗ ಫ್ರೀಕ್ವೆನ್ಸಿ ಎಷ್ಟಿತ್ತು, ಮೂರು ಫೇಸಿನ ಕರೆಂಟು, ವೋಲ್ಟೇಜು ಎಷ್ಟಿತ್ತು. ಎಲ್ಲ ಪುಟ ಮುಗಿದ ಮೇಲೆ ಪರದೆ "ಅಲಾರಂ ರೀಸೆಟ್ ಮಾಡೋಕೆ ಕ್ಲಿಯರ್ ಒತ್ತಿ" ಅನ್ನುತ್ತೆ.

ಇಲ್ಲೇ ಜಾಗ್ರತೆ ಬೇಕು. ಪರದೆ ಕೇಳ್ತು ಅಂತ ಒತ್ತಬೇಕಾಗಿಲ್ಲ. ಅದು ಬಾಗಿಲು ತೋರಿಸ್ತಿದೆ ಅಷ್ಟೇ. ಬಾಗಿಲು ದಾಟೋದು ಯಾವಾಗ ಅನ್ನೋದು ನಿಮ್ಮ ಶಿಫ್ಟ್ ಇನ್‌ಚಾರ್ಜ್ ತೀರ್ಮಾನ. ಬೇರೆ ಕಂಪನಿಗಳಲ್ಲೂ ಇದೇ ಕಥೆ. ಎಸ್‌ಇಎಲ್‌ನ 700ಜಿ ಜನರೇಟರ್ ರಿಲೇಯಲ್ಲಿ ಕ್ಲಿಯರ್ ಬದಲು ಟಾರ್ಗೆಟ್ ರೀಸೆಟ್ ಅನ್ನೋ ಬಟನ್ ಇದೆ. ಟಾರ್ಗೆಟ್ ಅಂದ್ರೆ ಹಳೇ ಫ್ಲ್ಯಾಗೇ. ಹೆಸರು ಏನೇ ಇರ್ಲಿ, ನಿಯಮ ಒಂದೇ: ಬರೆದುಕೊಳ್ಳದ ದೀಪವನ್ನ ಆರಿಸ್ಬೇಡಿ.

ಸಂಖ್ಯೆಗಳು: ಏನು ಬಂದ್ರೆ ಏನು ಮಾಡ್ಬೇಕು?

ರಿಲೇ ಪರದೆಯಲ್ಲಿ, ಡ್ರಾಯಿಂಗ್‌ನಲ್ಲಿ, ಹಿರಿಯರ ಮಾತಿನಲ್ಲಿ ನಿಮಗೆ ಸಂಖ್ಯೆಗಳು ಕೇಳಿಸ್ತವೆ. "ಫಾರ್ಟಿ ಬಂತು", "ಎಯ್ಟಿಸೆವೆನ್ ಬಿತ್ತು" ಅಂತಾರೆ. ಇವು ಐಇಇಇ ಸಂಸ್ಥೆಯ ಸಿ37.2 ಮಾನದಂಡದ ಸಂಖ್ಯೆಗಳು. ಎಲ್ಲವನ್ನೂ ಬಾಯಿಪಾಠ ಮಾಡೋದು ಬೇಡ. ಜನರೇಟರ್ ಮುಂದೆ ನಿಲ್ಲೋರಿಗೆ ಐದು ಸಾಕು. ಆದ್ರೆ ಅವುಗಳ ನಡುವಿನ ವ್ಯತ್ಯಾಸ ಗೊತ್ತಿರ್ಬೇಕು, ಯಾಕಂದ್ರೆ ಒಂದೊಂದರ ನಂತರ ಮಾಡೋ ಕೆಲಸ ಬೇರೆ ಬೇರೆ.

87, ಡಿಫರೆನ್ಷಿಯಲ್. ವೈಂಡಿಂಗ್‌ನ ಒಂದು ತುದಿಯಲ್ಲಿ ಹೋದ ಕರೆಂಟು ಇನ್ನೊಂದು ತುದಿಯಲ್ಲಿ ಅಷ್ಟೇ ಹೊರಬರಬೇಕು. ಬರ್ಲಿಲ್ಲ ಅಂದ್ರೆ ನಡುವೆ ಎಲ್ಲೋ ಸೋರಿದೆ. ಅಂದ್ರೆ ದೋಷ ಜನರೇಟರ್ ಒಳಗೇ ಇದೆ ಅಂತ ಭಾವಿಸ್ಬೇಕು. ಇದು ಬಂದ್ರೆ ಪರೀಕ್ಷೆ ಮಾಡದೆ ಮತ್ತೆ ಚಾಲೂ ಮಾಡೋ ಮಾತೇ ಇಲ್ಲ. ಸ್ಟೇಟರ್ ಅರ್ತ್ ಫಾಲ್ಟ್ ಬಂದ್ರೂ ಹೀಗೇ. ಅದಕ್ಕೆ 64 ಅಥವಾ 59ಎನ್ ಅಂತ ಬರೆದಿರ್ತಾರೆ.

40, ಫೀಲ್ಡ್ ಫೇಲ್ಯೂರ್. ರೋಟರನ್ನ ಅಯಸ್ಕಾಂತ ಮಾಡೋ ಎಕ್ಸೈಟೇಷನ್ ಕರೆಂಟು ಹೋಗಿದೆ. ಆಗ ಜನರೇಟರು ಗ್ರಿಡ್‌ನಿಂದ ರಿಯಾಕ್ಟಿವ್ ಪವರ್ ಹೀರೋಕೆ ಶುರು ಮಾಡುತ್ತೆ, ಗ್ರಿಡ್ ಜೊತೆಗಿನ ತಾಳ ತಪ್ಪಿ ಬಿಸಿಯಾಗುತ್ತೆ. ಇದು ಬಂದ್ರೆ ಮೊದಲು ನೋಡಬೇಕಾದ್ದು ಎವಿಆರ್ ಮತ್ತು ಎಕ್ಸೈಟೇಷನ್ ಸರ್ಕ್ಯೂಟು.

32, ರಿವರ್ಸ್ ಪವರ್. ಆವಿ ನಿಂತಿದೆ, ಬ್ರೇಕರ್ ಮಾತ್ರ ಮುಚ್ಚೇ ಇದೆ. ಆಗ ಜನರೇಟರ್ ಗ್ರಿಡ್‌ನಿಂದ ಕರೆಂಟ್ ಎಳ್ಕೊಂಡು ಮೋಟರ್ ಆಗಿ ಟರ್ಬೈನನ್ನ ತಿರುಗಿಸುತ್ತೆ. ಆವಿ ಹರೀತಿದ್ರೆ ಬ್ಲೇಡುಗಳ ಶಾಖ ಅದರ ಜೊತೆ ಹೋಗುತ್ತೆ. ಹರಿವು ಇಲ್ದಿದ್ರೆ ಬ್ಲೇಡುಗಳು ಕಾಯ್ತವೆ. ಇಲ್ಲೊಂದು ಗುಟ್ಟು: ಟರ್ಬೈನ್ ಕಡೆಯಿಂದ ಮೊದಲು ಟ್ರಿಪ್ ಆದಾಗ 32 ಬರೋದು ಸಹಜ. ಎಷ್ಟೋ ಪ್ಲಾಂಟ್‌ಗಳಲ್ಲಿ ಮಾಮೂಲಿ ಶಟ್‌ಡೌನ್ ಕೂಡ ಈ ದಾರಿಯಲ್ಲೇ ಆಗುತ್ತೆ. ಆದ್ದರಿಂದ 32 ಕಂಡ್ರೆ ಜನರೇಟರನ್ನ ಬಿಚ್ಚೋ ಮೊದಲು ಟರ್ಬೈನ್ ಯಾಕೆ ನಿಂತಿತು ಅಂತ ಕೇಳಿ.

46, ನೆಗೆಟಿವ್ ಸೀಕ್ವೆನ್ಸ್. ಮೂರು ಫೇಸಿನ ಕರೆಂಟು ಸಮ ಇಲ್ಲ. ಈ ಅಸಮತೋಲ ರೋಟರ್ ಮೇಲ್ಮೈಯಲ್ಲಿ 100 ಹರ್ಟ್ಸ್‌ನ ಕರೆಂಟ್ ಹುಟ್ಟಿಸಿ ಅದನ್ನ ಕಾಯಿಸುತ್ತೆ. ಹೊರಗಡೆ ಲೈನಿನಲ್ಲಿ ಒಂದು ಫೇಸ್ ತುಂಡಾಗಿರಬಹುದು, ಬ್ರೇಕರ್‌ನ ಒಂದು ಪೋಲ್ ಸರಿಯಾಗಿ ಕೂತಿರದೇ ಇರಬಹುದು.

81, ಫ್ರೀಕ್ವೆನ್ಸಿ. ಇದು ಬಂದಾಗ ಹೆಚ್ಚಾಗಿ ಕಣ್ಣು ಹಾಯಿಸಬೇಕಾದ್ದು ಗ್ರಿಡ್ ಕಡೆಗೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ಗೆ ತಾಳ ಸೇರಿಸಿಕೊಂಡಿತು. ಅವತ್ತಿನಿಂದ ಇಡೀ ದೇಶಕ್ಕೆ ಒಂದೇ ಫ್ರೀಕ್ವೆನ್ಸಿ. ನಿಮ್ಮ ರಿಲೇ ಪರದೆಯಲ್ಲಿ 49.98 ಅಂತ ಕಾಣ್ತಿದ್ರೆ, ಪಂಜಾಬಿನ ಪ್ಲಾಂಟ್‌ನಲ್ಲಿ ಕೂತಿರೋ ನಿಮ್ಮ ವಯಸ್ಸಿನ ಹುಡುಗನೂ ಆ ಹೊತ್ತಿಗೆ ಹೆಚ್ಚುಕಮ್ಮಿ ಅದೇ ಅಂಕಿ ನೋಡ್ತಿರ್ತಾನೆ.

ಈಗ ಗಮನಿಸಿ. 87 ಬಂದ್ರೆ ಮೆಗ್ಗರ್ ತಗೋ, 40 ಬಂದ್ರೆ ಎವಿಆರ್ ನೋಡು, 32 ಬಂದ್ರೆ ಟರ್ಬೈನ್‌ನವರನ್ನ ಕೇಳು, 81 ಬಂದ್ರೆ ಸಬ್‌ಸ್ಟೇಷನ್‌ಗೆ ಫೋನ್ ಮಾಡು. ಆ ರಾತ್ರಿ ನಾನು ಅಳಿಸಿದ್ದು ಇದನ್ನೇ, ಎಲ್ಲಿ ಹುಡುಕಬೇಕು ಅನ್ನೋ ದಿಕ್ಕನ್ನ.

ಟ್ರಿಪ್ ಆದಾಗ ಮಾಡೋ ಕ್ರಮ

ಇದನ್ನ ಬೇಕಿದ್ರೆ ಬರ್ಕೊಳ್ಳಿ.

ಮೊದಲು, ಯಂತ್ರ ಸುರಕ್ಷಿತವಾಗಿ ನಿಲ್ತಾ ಇದೆಯಾ ನೋಡಿ. ಬ್ರೇಕರ್ ನಿಜವಾಗಿ ತೆರೆದಿದೆಯಾ, ಟರ್ಬೈನ್‌ನ ಲೂಬ್ ಆಯಿಲ್ ಪಂಪ್ ಓಡ್ತಿದೆಯಾ ಖಚಿತ ಮಾಡ್ಕೊಳ್ಳಿ. ಹೂಟರ್ ನಿಲ್ಲಿಸಿ. ಹೂಟರ್ ನಿಲ್ಲಿಸೋ ಬಟನ್ ಬೇರೆ, ರಿಲೇ ರೀಸೆಟ್ ಬೇರೆ. ಇವೆರಡನ್ನ ಎಂದೂ ಒಂದು ಅಂದ್ಕೋಬೇಡಿ.

ಎರಡನೇದು, ಏನೂ ಒತ್ತದೆ ಪ್ಯಾನೆಲ್‌ನ ಫೋಟೊ ತೆಗೀರಿ. ಪ್ಲಾಂಟಲ್ಲಿ ಫೋಟೊಗೆ ಅನುಮತಿ ಇದ್ರೆ ಮಾತ್ರ. ಇಲ್ದಿದ್ರೆ ಪೆನ್ನು, ಪುಸ್ತಕ. ಯಾವ ದೀಪ ಉರೀತಿದೆ, ಯಾವುದು ಮಿಟುಕ್ತಿದೆ, ಎಲ್ಲ. ಪಕ್ಕದಲ್ಲಿರೋ ಬೇರೆ ರಿಲೇಗಳನ್ನೂ ಅಲಾರಂ ಕಿಟಕಿಗಳನ್ನೂ ಬಿಡ್ಬೇಡಿ. ಆ ಫೋಟೊ ಸ್ಟೇಟಸ್‌ಗೆ ಹಾಕೋದಕ್ಕಲ್ಲ, ನೆನಪಿರ್ಲಿ.

ಮೂರನೇದು, ರೀಡ್ ಒತ್ತಿ, ಒಂದೊಂದು ಪುಟವನ್ನೂ ಲಾಗ್ ಪುಸ್ತಕದಲ್ಲಿ ಬರೀರಿ. ರಿಲೇ ತೋರಿಸೋ ಸಮಯ ಬರೀರಿ, ಗೋಡೆ ಗಡಿಯಾರದ ಸಮಯವನ್ನೂ ಬರೀರಿ. ಎರಡೂ ಬೇರೆ ಇದ್ರೆ ಸಬ್‌ಸ್ಟೇಷನ್ ದಾಖಲೆ ಜೊತೆ ತಾಳೆ ನೋಡುವಾಗ ಅದು ಬೇಕಾಗುತ್ತೆ.

ನಾಲ್ಕನೇದು, ಇನ್‌ಚಾರ್ಜ್‌ಗೆ ಫೋನ್ ಮಾಡಿ. "ಟ್ರಿಪ್ ಆಯ್ತು ಸರ್" ಅಂತಷ್ಟೇ ಹೇಳ್ಬೇಡಿ. "40 ಬಂದಿದೆ ಸರ್, ಎರಡೂ ಇಪ್ಪತ್ತಕ್ಕೆ, ಬೇರೆ ಯಾವುದೂ ಬಂದಿಲ್ಲ" ಅನ್ನಿ. ಮಲಗಿದ್ದವರ ತಲೆ ಆಗಲೇ ಓಡೋಕೆ ಶುರುವಾಗುತ್ತೆ.

ಕೊನೇದು, ರೀಸೆಟ್. ಕಾರಣ ಗೊತ್ತಾಗಿ, ಸರಿಯಾಗಿ, ಅನುಮತಿ ಸಿಕ್ಕ ಮೇಲೆ ಮೊದಲು ರಿಲೇ, ಆಮೇಲೆ 86. ಈ 86 ಅಂದ್ರೆ ಲಾಕ್‌ಔಟ್ ರಿಲೇ. ಗಂಭೀರ ಟ್ರಿಪ್ ಆದಾಗ ಇದು ಬಿದ್ದು, ಬ್ರೇಕರನ್ನ ಮತ್ತೆ ಹಾಕೋಕೆ ಬಿಡದ ಹಾಗೆ ತಡೆ ಹಿಡಿಯುತ್ತೆ. ಸಾಮಾನ್ಯವಾಗಿ ಇದನ್ನ ಕೈಯಿಂದಲೇ ವಾಪಸ್ ತಿರುಗಿಸ್ಬೇಕು. ಬೇಕು ಅಂತಲೇ ಹಾಗೆ ಮಾಡಿರ್ತಾರೆ. ಒಬ್ಬ ಮನುಷ್ಯ ಅಲ್ಲಿಗೆ ನಡೆದು ಹೋಗಿ, "ಏನಾಯ್ತು ಅಂತ ನಂಗೆ ಗೊತ್ತು" ಅಂತ ಕೈ ಹಾಕ್ಬೇಕು ಅನ್ನೋದು ಅದರ ಹಿಂದಿನ ಲೆಕ್ಕಾಚಾರ.

ಏನೂ ಆಗದ ದಿನ ಮಾಡೋ ಕೆಲಸ

ಟ್ರಿಪ್ ಆಗೋದು ಅಪರೂಪ. ಉಳಿದ ದಿನಗಳಲ್ಲಿ ಪ್ಯಾನೆಲ್ ಮುಂದೆ ಎರಡು ನಿಮಿಷ ನಿಲ್ಲಿ. ಹಸಿರು ದೀಪ ಇದೆಯಾ? ಔಟ್ ಆಫ್ ಸರ್ವಿಸ್ ಆರಿದೆಯಾ? ತಾರೀಕು, ಸಮಯ ಸರಿ ಇದೆಯಾ? ಆಮೇಲೆ ಬಾಣದ ಕೀ ಒತ್ತಿ ಮೆಷರ್‌ಮೆಂಟ್ ಮೆನುವಿಗೆ ಹೋಗಿ. ಮೂರು ಫೇಸಿನ ಕರೆಂಟು ಹತ್ತಿರ ಹತ್ತಿರ ಇರಬೇಕು. ಡಿಫರೆನ್ಷಿಯಲ್ ಕರೆಂಟು ಸೊನ್ನೆಯ ಆಸುಪಾಸು ಇರಬೇಕು. ಅದು ದಿನೇ ದಿನೇ ಏರ್ತಿದ್ರೆ ಎಲ್ಲೋ ಸಿಟಿ ವೈರು ಸಡಿಲ ಆಗಿರಬಹುದು. ಟ್ರಿಪ್ ಆಗೋಕೆ ಮುಂಚೆಯೇ ನೀವು ಅದನ್ನ ಹಿಡಿದ ಹಾಗಾಯ್ತು.

ಯಾವಾಗ್ಲೂ ಉರಿಯೋ ಹಳದಿ ದೀಪವನ್ನ ಒಪ್ಕೋಬೇಡಿ. ಹಳೇ ಅಲಾರಂ ಒಂದು ಖಾಯಂ ಉರೀತಿದ್ರೆ ಹೊಸದು ಬಂದಾಗ ನಿಮ್ಮ ಕಣ್ಣು ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ನಮಗೆ ಆಗಿದ್ದು ಅದೇ. ಒಂದು ಸಣ್ಣ ಬ್ಯಾಟರಿ ಬದಲಾಯಿಸಿದ್ರೆ ಮುಗೀತಿತ್ತು.

ಇನ್ನು ಸೆಟ್ಟಿಂಗ್. ಮೆನುವಿನಲ್ಲಿ ಓಡಾಡುವಾಗ ಸೆಟ್ಟಿಂಗ್‌ಗಳೂ ಕಾಣ್ತವೆ. ನೋಡಿ, ಬದಲಾಯಿಸ್ಬೇಡಿ. ಬದಲಾಯಿಸೋಕೆ ಪಾಸ್‌ವರ್ಡ್ ಕೇಳುತ್ತೆ. ಆದ್ರೆ ಕಾರ್ಖಾನೆಯಿಂದ ಬರುವಾಗ ಇರೋ ಪಾಸ್‌ವರ್ಡ್ ಮ್ಯಾನುಯಲ್‌ನಲ್ಲೇ ಅಚ್ಚಾಗಿರುತ್ತೆ. ಅದನ್ನ ಬದಲಾಯಿಸದೆ ಬಿಟ್ಟಿದ್ರೆ ಬೀಗ ಹಾಕಿ ಕೀಲಿ ಬಾಗಿಲಿಗೇ ನೇತುಹಾಕಿದ ಹಾಗೆ. ಇದು ತಮಾಷೆಯ ಮಾತಲ್ಲ. 2007ರ ಮಾರ್ಚ್‌ನಲ್ಲಿ ಅಮೆರಿಕದ ಐಡಾಹೊ ನ್ಯಾಷನಲ್ ಲ್ಯಾಬೊರೇಟರಿಯಲ್ಲಿ ಅರೋರಾ ಅನ್ನೋ ಹೆಸರಿನ ಒಂದು ಪ್ರಯೋಗ ಮಾಡಿದ್ರು. 2.25 ಮೆಗಾವ್ಯಾಟ್‌ನ ಡೀಸೆಲ್ ಜನರೇಟರ್. ಅದನ್ನ ಕಾಯ್ಬೇಕಾದ ರಿಲೇಯನ್ನೇ ದೂರದಿಂದ ಹಾದಿ ತಪ್ಪಿಸಿ, ಬ್ರೇಕರನ್ನ ತೆರೆದು, ತಾಳ ತಪ್ಪಿದ ಗಳಿಗೆಯಲ್ಲಿ ಮುಚ್ಚಿಸಿದ್ರು. ಕೆಲವು ಸಲ ಹೀಗಾಗೋದರೊಳಗೆ ಯಂತ್ರ ಅದುರಿ, ತುಂಡು ಹಾರಿ, ಹೊಗೆ ಉಗುಳಿ ನಿಂತೇಹೋಯ್ತು. ಬಾಂಬಿಲ್ಲ, ಸುತ್ತಿಗೆ ಇಲ್ಲ. ಕಾವಲುಗಾರನೇ ತಪ್ಪು ಆಜ್ಞೆ ಕೊಟ್ಟಿದ್ದ ಅಷ್ಟೇ.

ಐದು ದಿನ ಕಳೆದು

ಕಥೆಯ ಉಳಿದ ಭಾಗ ಹೇಳಿ ಮುಗಿಸ್ತೀನಿ. ಆ ರಾತ್ರಿ ಕಳೆದು ಐದನೇ ದಿನ, ಸಂಜೆ ಆರು ದಾಟಿತ್ತು. ಮತ್ತೆ ಹೂಟರ್, ಮತ್ತೆ ಅದೇ ನಿಶ್ಶಬ್ದ. ಶಿಫ್ಟ್‌ನಲ್ಲಿದ್ದದ್ದು ಮತ್ತೆ ನಾನೇ. ಅಷ್ಟರಲ್ಲಿ ಹೊಸ ಬ್ಯಾಟರಿ ಹಾಕಿಸಿದ್ವಿ, ಹಳದಿ ದೀಪ ಆರಿತ್ತು. ಈ ಸಲ ಅದು ಮಿಟುಕಿದಾಗ ಅದಕ್ಕೊಂದು ಅರ್ಥ ಇತ್ತು.

ಎರಡೂ ಕೈ ಹಿಂದೆ ಕಟ್ಟಿ ನಿಂತೆ. ನಿಜವಾಗ್ಲೂ ಕಟ್ಟಿದ್ದೆ, ಒತ್ತಬಾರದು ಅಂತ. ಓದಿದೆ, ಬರೆದೆ. ಟ್ರಿಪ್ ಮಾಡಿದ್ದು ಫೀಲ್ಡ್ ಫೇಲ್ಯೂರ್. 87 ಇಲ್ಲ, ಅರ್ತ್ ಫಾಲ್ಟ್ ಇಲ್ಲ. ಸರ್‌ಗೆ ಫೋನ್ ಮಾಡಿ ಅಷ್ಟನ್ನೇ ಹೇಳಿದೆ. ಅವರು ಬಂದವರೇ ಜನರೇಟರ್ ಕಡೆ ತಿರುಗಿಯೂ ನೋಡದೆ ಎವಿಆರ್ ಪ್ಯಾನೆಲ್ ಬಾಗಿಲು ತೆಗೆಸಿದ್ರು. ಎಕ್ಸೈಟೇಷನ್ ಸರ್ಕ್ಯೂಟಿನ ಒಂದು ಟರ್ಮಿನಲ್ ಸ್ಕ್ರೂ ಸಡಿಲ ಆಗಿತ್ತು. ಅದರ ಸುತ್ತ ಕರೆಂಟ್ ಕಾದು ವೈರಿನ ತುದಿ ಕಪ್ಪಾಗಿತ್ತು. ತುದಿ ಕತ್ತರಿಸಿ, ಹೊಸ ಲಗ್ ಹಾಕಿ ಬಿಗಿ ಮಾಡಿದ್ರು. ಕಾರಣ ಸಿಕ್ಕಿದ್ದು ನಲವತ್ತು ನಿಮಿಷದಲ್ಲಿ.

ಮೊದಲ ರಾತ್ರಿಯೂ ಇದೇ ಸ್ಕ್ರೂನಿಂದ ಆಗಿತ್ತಾ? ಇರಬಹುದು. ಗೊತ್ತಾಗೋಕೆ ದಾರಿನೇ ಇಲ್ಲ. ಆ ದಾರಿಯನ್ನ ಅಳಿಸಿದವನು ನಾನು.

ಅವತ್ತು ಸರ್ ಸ್ಕ್ರೂ ಡ್ರೈವರ್ ಕೆಳಗಿಟ್ಟು ಲಾಗ್ ಪುಸ್ತಕ ತಗೊಂಡು ನಾನು ಬರೆದದ್ದನ್ನ ಓದಿದ್ರು. ಏನೂ ಹೊಗಳಲಿಲ್ಲ. ಕೆಳಗೆ ಸಹಿ ಹಾಕಿ, "ಈಗ ಒತ್ತು" ಅಂದ್ರು.

ಇವತ್ತಿಗೆ ಇಷ್ಟು. ನಿಮ್ಮ ಪ್ಲಾಂಟ್‌ನ ರಿಲೇ ಬೇರೆ ಕಂಪನಿಯದಾಗಿದ್ರೆ ಅದರ ಮ್ಯಾನುಯಲ್‌ನಲ್ಲಿ ಫ್ರಂಟ್ ಪ್ಯಾನೆಲ್ ಅಧ್ಯಾಯ ಒಂದನ್ನ ನಾಳೆ ಓದಿ. ಇಪ್ಪತ್ತು ಪುಟ ಇರಬಹುದು, ಒಂದು ರೀಲ್ಸ್ ಸೆಷನ್ನಿಗಿಂತ ಬೇಗ ಮುಗಿಯುತ್ತೆ. ಹೊಸದಾಗಿ ಕೆಲಸಕ್ಕೆ ಸೇರಿದ ಗೆಳೆಯರಿದ್ರೆ ಈ ಸಂಚಿಕೆಯನ್ನ ಅವರಿಗೂ ಕಳಿಸಿ.